ಎಷ್ಟು ಅಂತ ಬರೆಯುತ್ತೀರಿ, ಹೇಗೆ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ, ವಿಜ್ಞಾನ ಮತ್ತು ವಾಣಿಜ್ಯ ಪುಟಗಳನ್ನು ತಪ್ಪದೆ ಓದುವವಳು ನಾನು. ಭಾನುವಾರ ಕೂತು ಆ ವಾರ ಕಲಿತದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ತಂತ್ರಜ್ಞಾನದ್ದೊಂದು, ವಿಜ್ಞಾನದ್ದೊಂದು, ಸ್ಟಾರ್ಟಪ್‌ಗಳದ್ದೊಂದು. ಪೇಪರ್ ಮಡಚಿಟ್ಟು, ನೋಡದೆ ಬರೆಯಬೇಕು ಅನ್ನುವುದು ನಾನೇ ಹಾಕಿಕೊಂಡ ನಿಯಮ. ನನ್ನ ಕೆಲಸ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ. ಎಂಜಿನಿಯರಿಂಗ್ ಓದಿದವಳಲ್ಲ. ಹೊಸದನ್ನು ತಿಳಿದುಕೊಳ್ಳುವ ಆಸೆ ಮಾತ್ರ ಜಾಸ್ತಿ.

ಬರೆಯುವಾಗ ಪೆನ್ನು ನಿಲ್ಲುವ ಜಾಗ ಹೆಚ್ಚು ಕಡಿಮೆ ಪ್ರತಿ ವಾರವೂ ಒಂದೇ. ಯಾರು ಮಾಡಿದರು, ಯಾವಾಗ, ಎಷ್ಟು ಹಣ ಬಂತು, ಇವೆಲ್ಲ ಸಲೀಸಾಗಿ ಬರುತ್ತವೆ. ಅದು ಕೆಲಸ ಮಾಡುವುದು ಹೇಗೆ ಅನ್ನುವಲ್ಲಿಗೆ ಬಂದರೆ ಕೈ ಓಡುವುದಿಲ್ಲ. ಪೇಪರ್ ಮತ್ತೆ ತೆರೆದು ನೋಡಿದರೆ ಅಲ್ಲೂ ಅದು ಇರುವುದಿಲ್ಲ. ಆಮೇಲೆ ಲೈಬ್ರರಿ, ಪಠ್ಯಪುಸ್ತಕ, ಇಂಟರ್ನೆಟ್ ಅಂತ ಹುಡುಕಬೇಕು. ಇಷ್ಟು ಓದುಗರಿರುವ ಪತ್ರಿಕೆ ಈ ಒಂದು ಮೆಟ್ಟಿಲನ್ನು ಕಟ್ಟಿಕೊಟ್ಟರೆ ಎಷ್ಟೋ ಜನಕ್ಕೆ ಅನುಕೂಲವಾಗುತ್ತದೆ. ಅದನ್ನು ಕೇಳಲೆಂದೇ ಈ ಪತ್ರ.

ಬ್ಯಾಟರಿಯ ವಿಷಯವನ್ನೇ ತಗೊಳ್ಳಿ. 'ಕೆಲವೇ ನಿಮಿಷದಲ್ಲಿ ಪೂರ್ತಿ ಚಾರ್ಜ್' ಅನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಒಂದು ವಾರ ನಾನು ಇದರ ಹಿಂದೆಯೇ ಬಿದ್ದೆ. ಮೊಬೈಲ್ ಮೊದಲ ಅರ್ಧ ಅಷ್ಟು ಬೇಗ ಚಾರ್ಜ್ ಆಗುತ್ತದೆ, ಕೊನೆಯ ಭಾಗಕ್ಕೆ ಯಾಕೆ ಅಷ್ಟು ಹೊತ್ತು ಬೇಕು? ಮೊಬೈಲಿನಲ್ಲಿರುವ ಲಿಥಿಯಂ ಅಯಾನ್ ಸೆಲ್ಲಿನ ಒಂದು ಬದಿ ಸಾಮಾನ್ಯವಾಗಿ ಗ್ರಾಫೈಟ್. ಅದು ಇಂಗಾಲದ ಪದರಗಳ ಅಟ್ಟಿ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಇನ್ನೊಂದು ಬದಿಯಿಂದ ಹೊರಟು, ನಡುವಿನ ದ್ರವವನ್ನು ದಾಟಿ ಬಂದು, ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟ ಹಾಗೆ ಈ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಮೊದಲು ಜಾಗ ಬೇಕಾದಷ್ಟಿರುತ್ತದೆ. ತುಂಬುತ್ತಾ ಹೋದ ಹಾಗೆ ಒಳಗೆ ಸೇರುವುದು ಕಷ್ಟವಾಗುತ್ತದೆ.

ಆಗಲೂ ಒತ್ತಾಯ ಮಾಡಿ ತಳ್ಳಿದರೆ ಏನಾಗುತ್ತದೆ? ಒಳಗೆ ಹೋಗಲಾಗದ ಲಿಥಿಯಂ ಗ್ರಾಫೈಟಿನ ಮೇಲೆಯೇ ಲೋಹವಾಗಿ ಕೂತುಬಿಡುತ್ತದೆ. ಹಾಗೆ ಕೂತದ್ದರಲ್ಲಿ ಒಂದಿಷ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಬ್ಯಾಟರಿಯ ಶಕ್ತಿ ಅಷ್ಟು ಕುಗ್ಗುತ್ತದೆ. ಕೆಲವೊಮ್ಮೆ ಆ ಲೋಹ ಸೂಜಿಯಂತೆ ಬೆಳೆದು ಇನ್ನೊಂದು ಬದಿಯನ್ನು ಮುಟ್ಟುತ್ತದೆ. ಆಗ ಒಳಗೇ ಶಾರ್ಟ್ ಸರ್ಕ್ಯೂಟ್. ಚಳಿ ಇದ್ದಾಗ ಅಯಾನುಗಳ ಓಟ ನಿಧಾನ, ಹಾಗಾಗಿ ಈ ತೊಂದರೆಯೂ ಜಾಸ್ತಿ. ಅದಕ್ಕೇ ಚಾರ್ಜಿಂಗ್ ವ್ಯವಸ್ಥೆ ಮೊದಲು ಕರೆಂಟನ್ನು ಜೋರಾಗಿ ಬಿಡುತ್ತದೆ. ಸೆಲ್ಲಿನ ವೋಲ್ಟೇಜ್ ಮಿತಿಗೆ ಬಂದ ಮೇಲೆ (ಹೆಚ್ಚಿನವುಗಳಲ್ಲಿ ಅದು ಸುಮಾರು 4.2 ವೋಲ್ಟ್) ವೋಲ್ಟೇಜನ್ನು ಅಲ್ಲೇ ನಿಲ್ಲಿಸಿ ಕರೆಂಟನ್ನು ಇಳಿಯಲು ಬಿಡುತ್ತದೆ. ವೇಗದ ಚಾರ್ಜಿಂಗ್ ಬಗ್ಗೆ ಹೇಳುವಾಗ ಕಂಪನಿಗಳು ಸಾಮಾನ್ಯವಾಗಿ 80 ಶೇಕಡಾ ತನಕದ ಲೆಕ್ಕ ಕೊಡುವುದು ಇದರಿಂದಲೇ.

ಇಷ್ಟನ್ನು ಬರೆದುಕೊಂಡ ಮೇಲೆ ಬ್ಯಾಟರಿ ಸುದ್ದಿ ಓದುವ ರೀತಿಯೇ ಬದಲಾಯಿತು. ಈಗ ಸುದ್ದಿ ಕಂಡರೆ ಕೇಳಿಕೊಳ್ಳುತ್ತೇನೆ: ಪ್ರಯೋಗ ಮಾಡಿದ್ದು ನಾಣ್ಯದಾಕಾರದ ಪುಟ್ಟ ಸೆಲ್ಲಿನಲ್ಲೋ, ಗಾಡಿಗೆ ಹಾಕುವಂಥದ್ದರಲ್ಲೋ? ಎಷ್ಟು ಸಲ ಚಾರ್ಜ್ ಮಾಡಿ ನೋಡಿದರು? ಯಾವ ತಾಪಮಾನದಲ್ಲಿ? ಈ ಮೂರು ಉತ್ತರಗಳು ಸುದ್ದಿಯಲ್ಲಿ ಇಲ್ಲದಿದ್ದರೆ ಓದುಗರಿಗೆ ಸಿಗುವುದು ಬರೀ ಪ್ರಕಟಣೆ. ನಿಮ್ಮ ವರದಿಗಾರರು ಸಂಶೋಧಕರನ್ನು ಇವನ್ನು ಕೇಳಿಬಿಟ್ಟರೆ ಎರಡು ಸಾಲಿನಲ್ಲಿ ಮುಗಿಯುತ್ತದೆ.

2019ರ ರಸಾಯನಶಾಸ್ತ್ರ ನೊಬೆಲ್ ಈ ಬ್ಯಾಟರಿಗೇ ಬಂತು. ಆಗ ಎಲ್ಲೆಲ್ಲೂ ಎದ್ದು ಕಂಡದ್ದು ಜಾನ್ ಗುಡಿನಫ್ ಅವರ ವಯಸ್ಸು, 97. ಸಂತೋಷದ ವಿಷಯವೇ. ಆದರೆ ಬಹುಮಾನ ಹಂಚಿಕೊಂಡ ಮೂವರ ಕೆಲಸ ಒಂದಕ್ಕೊಂದು ಹೊಸೆದುಕೊಂಡ ರೀತಿ ಇನ್ನೂ ಸೊಗಸು. ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ 1970ರ ದಶಕದಲ್ಲಿ ಮಾಡಿದ ಬ್ಯಾಟರಿ ಎರಡು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತಿತ್ತು. 1980ರಲ್ಲಿ ಗುಡಿನಫ್ ಕೋಬಾಲ್ಟ್ ಆಕ್ಸೈಡ್ ಬಳಸಿ ಅದನ್ನು ನಾಲ್ಕಕ್ಕೆ ಏರಿಸಿದರು. 1985ರಲ್ಲಿ ಅಕಿರಾ ಯೋಶಿನೊ ಅಪಾಯದ ಲಿಥಿಯಂ ಲೋಹವನ್ನೇ ತೆಗೆದು ಅಲ್ಲಿ ಇಂಗಾಲದ ವಸ್ತು ಇಟ್ಟರು. ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾ ಬಂದ ಈ ಕಥೆಯನ್ನು ಹತ್ತನೇ ತರಗತಿಯ ಹುಡುಗಿಯೂ ಓದಿ ಅರ್ಥ ಮಾಡಿಕೊಳ್ಳಬಹುದು.

ಕೆಲವು ವಿಷಯಗಳಿಗೆ ಇಷ್ಟು ಜಾಗವೂ ಬೇಡ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಮೇಲೆ ಗುರುತ್ವ ಕಡಿಮೆ, ಅದರಿಂದ 45ರಷ್ಟು ಮುಂದೆ. ಉಪಗ್ರಹದ ವೇಗದಿಂದ 7ರಷ್ಟು ಹಿಂದೆ. ಕಳೆದರೆ 38. ಫೋನು ದೂರ ಲೆಕ್ಕ ಹಾಕುವುದು ಉಪಗ್ರಹದ ಸಂಕೇತ ಬಂದು ಮುಟ್ಟಲು ಹಿಡಿದ ಸಮಯದಿಂದ. ಆ ಸಂಕೇತ ಬೆಳಕಿನ ವೇಗದಲ್ಲಿ ಬರುತ್ತದೆ, ಒಂದು ಮೈಕ್ರೋಸೆಕೆಂಡಿನಲ್ಲಿ ಬೆಳಕು ಸುಮಾರು 300 ಮೀಟರ್ ಹೋಗುತ್ತದೆ. ಗುಣಿಸಿ ನೋಡಿ, ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹನ್ನೊಂದು ಕಿಲೋಮೀಟರ್ ದಾಟುವ ವ್ಯತ್ಯಾಸ. ಐನ್‌ಸ್ಟೈನ್ ಸಿದ್ಧಾಂತ ಫೋನಿನ ಮ್ಯಾಪಿಗೆ ಯಾಕೆ ಬೇಕು ಅನ್ನುವುದು ಒಂದು ಕೂಡುವ ಕಳೆಯುವ ಲೆಕ್ಕದಲ್ಲಿ ಗೊತ್ತಾಯಿತು. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಇನ್ನು ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆ. 'ಒಂದೇ ವರ್ಷದೊಳಗೆ ಲಸಿಕೆ ಸಿದ್ಧ' ಅಂತ 2020ರ ಕೊನೆಯಲ್ಲಿ ಓದಿದ ನೆನಪು ಎಲ್ಲರಿಗೂ ಇದೆ, ಅಲ್ವಾ? ನನ್ನ ಪುಟದಲ್ಲಿ ಆ ಲೆಕ್ಕ ಶುರುವಾಗುವುದು 1961ರಿಂದ. ಎಂಆರ್‌ಎನ್‌ಎ ಅನ್ನುವುದು ಇದೆ ಅಂತ ಗೊತ್ತಾದ ವರ್ಷ ಅದು. ಜೀವಕೋಶಕ್ಕೆ 'ಈ ಪ್ರೋಟೀನ್ ಮಾಡು' ಅಂತ ಹೇಳುವ ಸಂದೇಶ ಅದರಲ್ಲಿರುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿ ಒಳಗೆ ಕಳಿಸಿದರೆ ದೇಹ ಅದನ್ನು ಶತ್ರು ಅಂತ ತಿಳಿದು ಉರಿಯೂತ ಎಬ್ಬಿಸುತ್ತಿತ್ತು. ವಿಜ್ಞಾನಿಗಳಾದ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಒಂದು ವಿಷಯ ಗಮನಿಸಿದರು. ನಮ್ಮದೇ ಜೀವಕೋಶಗಳಲ್ಲಿರುವ ಕೆಲವು ಆರ್‌ಎನ್‌ಎಗಳು ಈ ಗಲಾಟೆ ಎಬ್ಬಿಸುವುದಿಲ್ಲ. ಅವುಗಳ ಅಕ್ಷರಗಳಲ್ಲಿ, ಅಂದರೆ ಆರ್‌ಎನ್‌ಎಯನ್ನು ಕಟ್ಟಿರುವ ಘಟಕಗಳಲ್ಲಿ, ಸಣ್ಣಪುಟ್ಟ ರಾಸಾಯನಿಕ ಬದಲಾವಣೆಗಳಿರುತ್ತವೆ. ಹಾಗಾದರೆ ನಾವು ಮಾಡುವುದರಲ್ಲೂ ಒಂದು ಅಕ್ಷರ ಬದಲಿಸೋಣ ಅಂತ ಯೂರಿಡಿನ್ ತೆಗೆದು ಸ್ಯೂಡೋಯೂರಿಡಿನ್ ಹಾಕಿ ನೋಡಿದರು. ಉರಿಯೂತ ಇಳಿಯಿತು. ಇದು 2005ರ ಮಾತು. ಅದಕ್ಕೂ ಹತ್ತು ವರ್ಷ ಹಿಂದೆ, 1995ರಲ್ಲಿ, ಕರಿಕೊ ಅವರಿಗೆ ಅನುದಾನ ಸಿಗದೆ ವಿಶ್ವವಿದ್ಯಾಲಯದಲ್ಲಿ ಹಿಂಬಡ್ತಿ ಆಗಿತ್ತು. ನೊಬೆಲ್ ಬಂದದ್ದು 2023ರಲ್ಲಿ.

ಇಲ್ಲಿ ಸ್ಟಾರ್ಟಪ್‌ಗಳೂ ಬರುತ್ತವೆ. ಈ ಲಸಿಕೆಗಳನ್ನು ತಂದ ಕಂಪನಿಗಳಲ್ಲಿ ಬಯೋಎನ್‌ಟೆಕ್ ಶುರುವಾಗಿದ್ದು 2008ರಲ್ಲಿ, ಮಾಡರ್ನಾ 2010ರಲ್ಲಿ. ಕೋವಿಡ್ ಬರುವ ಮುಂಚೆ ಇವೆರಡರದ್ದೂ ಒಂದೇ ಒಂದು ಔಷಧಿಯೂ ಮಾರುಕಟ್ಟೆಯಲ್ಲಿ ಇರಲಿಲ್ಲ. ಅಷ್ಟು ವರ್ಷ ಅವು ಏನು ಮಾಡುತ್ತಿದ್ದವು? ಎಂಆರ್‌ಎನ್‌ಎಯನ್ನು ಸೂಕ್ಷ್ಮ ಕೊಬ್ಬಿನ ಕಣದೊಳಗೆ ಇಟ್ಟು ಜೀವಕೋಶದ ಒಳಗೆ ತಲುಪಿಸುವುದು, ಅದು ಹಾಳಾಗದಂತೆ ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು, ಇಂಥ ಕೆಲಸ. ನಿಧಾನದ ಕೆಲಸ. ಅದು ಸುದ್ದಿಯಾಗಲಿಲ್ಲ. ವಾಣಿಜ್ಯ ಪುಟದಲ್ಲಿ ಇಂಥ ವರ್ಷಗಳಿಗೂ ಜಾಗ ಸಿಗಬೇಕು ಅನ್ನುವುದು ನನ್ನ ಮನದಾಳದ ಮಾತು.

ಬದಲಿಗೆ ಅಲ್ಲಿ ನಮಗೆ ಜಾಸ್ತಿ ಸಿಗುವುದು ಕಂಪನಿಯ 'ಮೌಲ್ಯ'. ಅಕೌಂಟ್ಸ್ ಕೆಲಸದವಳಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೂಡಿಕೆದಾರರು ಹತ್ತು ಕೋಟಿ ಕೊಟ್ಟು ಕಂಪನಿಯ ನೂರರಲ್ಲಿ ಹತ್ತು ಪಾಲು ತಗೊಂಡರು ಅನ್ನಿ. ಮರುದಿನ ಸುದ್ದಿ: ನೂರು ಕೋಟಿಯ ಕಂಪನಿ. ಬ್ಯಾಂಕಿಗೆ ಬಂದದ್ದು ಹತ್ತು ಕೋಟಿ. ಉಳಿದ ತೊಂಬತ್ತು ಗುಣಾಕಾರದಿಂದ ಬಂದದ್ದು. ಕೊನೆಗೆ ಮಾರಿದ ಷೇರಿನ ಬೆಲೆಯನ್ನು ಎಲ್ಲ ಷೇರುಗಳಿಗೂ ಹಚ್ಚಿದ್ದಾರೆ, ಅಷ್ಟೆ. ಎಲ್ಲ ಷೇರುಗಳೂ ಒಂದೇ ತರಹ ಇರುವುದೂ ಇಲ್ಲ. ಹೂಡಿಕೆದಾರರ ಷೇರಿಗೆ ಸಾಮಾನ್ಯವಾಗಿ ವಿಶೇಷ ಹಕ್ಕಿರುತ್ತದೆ. ಕಂಪನಿಯನ್ನು ಕಡಿಮೆ ಬೆಲೆಗೆ ಮಾರಬೇಕಾಗಿ ಬಂದರೆ ಅವರ ಹಣ ಮೊದಲು ವಾಪಸ್, ಉಳಿದದ್ದು ಮಿಕ್ಕವರಿಗೆ. ಆ ನೂರು ಕೋಟಿಯ ಕಂಪನಿ ಹನ್ನೆರಡು ಕೋಟಿಗೆ ಮಾರಿಹೋದರೆ ಹತ್ತು ಹೂಡಿಕೆದಾರರಿಗೆ ಹೋಗಬಹುದು. ಸ್ಥಾಪಕರು, ಷೇರು ಸಿಗುತ್ತದೆ ಅಂತ ಕಡಿಮೆ ಸಂಬಳಕ್ಕೆ ದುಡಿದವರು, ಎಲ್ಲರೂ ಸೇರಿ ಎರಡು ಕೋಟಿ ಹಂಚಿಕೊಳ್ಳಬೇಕು.

ಸ್ಟಾರ್ಟಪ್‌ಗಳಲ್ಲಿ ಕೆಲಸಕ್ಕೆ ಸೇರುವ ಎಳೆಯರಿಗೆ ಇದು ತಿಳಿದಿರಲೇಬೇಕು. ಆಫರ್ ಲೆಟರ್‌ನಲ್ಲಿ ಷೇರಿನ ಸಂಖ್ಯೆ ನೋಡಿ ಅವರು ಮನಸ್ಸಿನಲ್ಲೇ ಗುಣಿಸುತ್ತಾರೆ. ಒಟ್ಟು ಎಷ್ಟು ಷೇರು, ಯಾರಿಗೆ ಮೊದಲ ಹಕ್ಕು ಅಂತ ಕೇಳಬೇಕು ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೂಡಿಕೆಯ ಸುದ್ದಿ ಬಂದಾಗಲೆಲ್ಲ ಕೆಳಗೆ ಒಂದು ಚಿಕ್ಕ ಚೌಕ ಹಾಕಿ: ಎಷ್ಟು ಹಣ ಬಂತು, ಎಷ್ಟು ಪಾಲಿಗೆ, ಕಂಪನಿಯ ಆದಾಯವೆಷ್ಟು, ಲಾಭವೋ ನಷ್ಟವೋ. ಕಂಪನಿ ಹೇಳಲು ಒಪ್ಪದಿದ್ದರೆ 'ತಿಳಿಸಿಲ್ಲ' ಅಂತಲೇ ಅಚ್ಚು ಹಾಕಿ. ಆ ಪದವೂ ಓದುಗರಿಗೆ ಮಾಹಿತಿಯೇ.

ಜಾಗದ ಕೊರತೆ ನನಗೂ ಗೊತ್ತು. ದಿನಾ ಕೇಳುತ್ತಿಲ್ಲ. ವಾರಕ್ಕೆ ಒಂದು ಕಾಲಂ ಸಾಕು. ಆ ವಾರದ ಒಂದೇ ಸುದ್ದಿಯನ್ನು ಎತ್ತಿಕೊಂಡು ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ಬರೆಸಿ. ಚಿತ್ರ ಇದ್ದರೆ ಇನ್ನೂ ಒಳ್ಳೆಯದು. ಸುಮ್ನೆ ಬೇರೆ ಕಡೆಯಿಂದ ಅನುವಾದ ಮಾಡಿ ಹಾಕಬೇಡಿ. ಆ ವಿಷಯದಲ್ಲೇ ಕೆಲಸ ಮಾಡುವವರನ್ನು ಹುಡುಕಿ, ಕನ್ನಡದಲ್ಲಿ ಮಾತಾಡಿಸಿ. ಹೇಳಲು ತಯಾರಿರುವವರು ಖಂಡಿತ ಸಿಗುತ್ತಾರೆ. ಓದುಗರಿಂದಲೂ ಪ್ರಶ್ನೆ ಕರೆಯಿರಿ.

ಮೊದಲ ಪ್ರಶ್ನೆ ಈಗಲೇ ಕಳಿಸುತ್ತಿದ್ದೇನೆ. ಸೆಲ್ಲಿನ ದ್ರವದ ಬದಲು ಗಟ್ಟಿಯಾದ ಸೆರಾಮಿಕ್ ಹಾಕಿದ 'ಸಾಲಿಡ್ ಸ್ಟೇಟ್' ಬ್ಯಾಟರಿಗಳ ಬಗ್ಗೆ ಓದುತ್ತಿದ್ದೇನೆ. ಲಿಥಿಯಂ ಮೆತ್ತಗಿನ ಲೋಹ, ಚಾಕುವಿನಿಂದ ಕತ್ತರಿಸಬಹುದು. ಅಂಥದ್ದು ಅಷ್ಟು ಗಟ್ಟಿಯಾದ ಸೆರಾಮಿಕ್ಕಿನೊಳಗೂ ಸೂಜಿಯಂತೆ ತೂರಿ ಬೆಳೆಯುತ್ತದಂತೆ. ಅದು ಹೇಗೆ ಸಾಧ್ಯ? ಬಲ್ಲವರಿಂದ ಬರೆಸಿ ಕೊಡಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು