ಅಜ್ಜಿ, ನಿಮ್ಮನ್ನ ತಪ್ಪಿಸ್ಕೊಂಡೆ

ಆತ್ಮೀಯರೇ,

ಈ ಸಂಚಿಕೆ ಒಂದು ವಾರ ತಡವಾಗಿದೆ, ಕ್ಷಮಿಸಿ. ಆರು ತಿಂಗಳ ವೀಸಾ ಮುಗಿದು ಅಮ್ಮ ಊರಿಗೆ ಹೊರಟರು. ಲಂಡನ್ನಿನ ಹೀಥ್ರೂ ಏರ್‌ಪೋರ್ಟಿಗೆ ಬಿಟ್ಟು ಬಂದ ಮೇಲೆ ನಾಲ್ಕು ದಿನ ಯಾವ ಕೆಲಸಕ್ಕೂ ಕೈ ಏಳಲಿಲ್ಲ. ನಿಮಗೆಲ್ಲ ಗೊತ್ತಿರುವುದೇ.

ಐದನೇ ದಿನ ಮಗ ಸ್ಕೂಲಿಂದ ಬಂದವನೇ ಅಜ್ಜಿಗೆ ಫೋನ್ ಮಾಡಿದ. "ಅಜ್ಜಿ, ನಾನು ನಿಮ್ಮನ್ನ ತಪ್ಪಿಸ್ಕೊಂಡೆ" ಅಂದ. ಏಳು ವರ್ಷದ ಹುಡುಗ. ಬಸ್ ಮಿಸ್ ಆದರೆ 'ತಪ್ಪಿತು' ಅನ್ನಬೇಕು ಅಂತ ಭಾನುವಾರದ ಕನ್ನಡ ಕ್ಲಾಸಲ್ಲಿ ಕಲಿತಿದ್ದ. 'ಐ ಮಿಸ್ ಯು' ಅನ್ನಲು ಅಜ್ಜಿಗೂ ಅದನ್ನೇ ಹೊಂದಿಸಿದ. ಅಮ್ಮನಿಗೆ ಗಾಬರಿ. "ಎಲ್ಲಿ ತಪ್ಪಿಸ್ಕಂಡ್ಯೋ ಮಗಾ? ಮನೆಲಿ ಯಾರೂ ಇಲ್ವಾ?" ನಾನು ಫೋನ್ ಇಸ್ಕೊಂಡು ಸಮಾಧಾನ ಹೇಳಿದೆ. ಆದರೆ ಅವನು ಏನು ಹೇಳಬೇಕಿತ್ತು? ನನಗೂ ತಟ್ಟನೆ ಹೊಳೆಯಲಿಲ್ಲ. ಅವತ್ತಿನಿಂದ ಈ 'ಮಿಸ್' ಪದ ನನ್ನನ್ನು ಬಿಟ್ಟಿಲ್ಲ.

ಇಂಗ್ಲಿಷಿನಲ್ಲಿ ಪುಟ್ಟ ಪದಗಳೇ ಜಾಸ್ತಿ ಭಾರ ಹೊರುತ್ತವೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ 'ಸೆಟ್' ಎಂಬ ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದ್ದರು. ಆಮೇಲೆ 'ರನ್' ಪದವನ್ನು ಪರಿಷ್ಕರಿಸಿದಾಗ ಅದು 645 ಮುಟ್ಟಿತು. ಮಿಸ್ ಅಷ್ಟು ದೊಡ್ಡದಲ್ಲ. ಆದರೆ ನಮ್ಮ ಬದುಕಿಗೆ ಅದೇ ಹತ್ತಿರದ್ದು, ಅಲ್ವಾ? ಟೀಚರೂ ಮಿಸ್, ಕೈತಪ್ಪಿದ ರೈಲೂ ಮಿಸ್, ದೂರ ಇರುವ ಅಮ್ಮನೂ ಮಿಸ್. ಟೀಚರ್ ಮಿಸ್ ಮಾತ್ರ ಬೇರೆಯೇ ಪದ. ಅದು 'ಮಿಸ್ಟ್ರೆಸ್' ಮೊಟಕಾಗಿ ಬಂದದ್ದು. ಇನ್ನೊಂದು ಹಳೇ ಇಂಗ್ಲಿಷಿನ ಕ್ರಿಯಾಪದ. ಎರಡಕ್ಕೂ ಸಂಬಂಧವಿಲ್ಲ, ಮುಖ ಮಾತ್ರ ಒಂದೇ.

ಕನ್ನಡಕ್ಕೆ ಬಂದ ಮಿಸ್ ನಮ್ಮ ಮನೆಯ ಪದವೇ ಆಗಿಹೋಗಿದೆ. ಬಸ್ ಮಿಸ್ 'ಆಯ್ತು' ಅಂದರೆ ನಮ್ಮ ತಪ್ಪಿಲ್ಲ. ಕ್ಲಾಸ್ ಮಿಸ್ 'ಮಾಡಿದ' ಅಂದರೆ ಬೇಕಂತಲೇ ಮಾಡಿದ. 'ಮಿಸ್ ಮಾಡ್ಕೊಂಡೆ' ಅಂದರೆ ಹೊಟ್ಟೆ ಉರಿ. ಯಾರ ತಪ್ಪು ಅನ್ನುವುದನ್ನು ಇಂಗ್ಲಿಷ್ ಹೇಳುವುದಿಲ್ಲ, ನಮ್ಮ ಆಗು, ಮಾಡು, ಕೊಳ್ಳು ಹೇಳುತ್ತವೆ. ಇನ್ನು ಮಿಸ್ಡ್ ಕಾಲ್. ಒಂದು ರಿಂಗ್ ಕೊಟ್ಟು ಇಟ್ಟರೆ 'ತಲುಪಿದೆ' ಅಂತ. ಎತ್ತದ ಕರೆಗೆ ದುಡ್ಡಿಲ್ಲ. ಆ ಒಂದು ರಿಂಗಿಗೆ ಕಾದು ಕೂತ ಅಪ್ಪ ಅಮ್ಮಂದಿರು ಎಷ್ಟು ಜನ!

ನಮ್ಮ ಮನೆಯಲ್ಲಿ ಅದಕ್ಕೂ ಫೋನ್ ಇರಲಿಲ್ಲ. 1996ರಲ್ಲಿ ನಾನು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದೆ, ಎರಡನೇ ಪಿಯುಸಿ. ಮನೆ ತೀರ್ಥಹಳ್ಳಿ ದಾಟಿ ಒಳಗೆ. ಒಂದು ಶನಿವಾರ ಪ್ರಾಕ್ಟಿಕಲ್ಸ್ ತಡವಾಗಿ, ಓಡಿಕೊಂಡು ಹೋದರೂ ಊರಿನ ಕೊನೆ ಬಸ್ಸು ಹೋಗಿಬಿಟ್ಟಿತ್ತು. ಜೋರು ಮಳೆ. ಹಾಸ್ಟೆಲಿಗೆ ವಾಪಸ್ ಬಂದು ಒದ್ದೆ ಬಟ್ಟೆಯಲ್ಲೇ ಎಷ್ಟೋ ಹೊತ್ತು ಕೂತಿದ್ದೆ. ಬರ್ತೀನಿ ಅಂತ ಕಾಗದ ಬರೆದಿದ್ದೆ, ಬರಲ್ಲ ಅಂತ ತಿಳಿಸಲು ದಾರಿಯಿರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ನಮ್ಮ ತಿರುವಿನಲ್ಲಿ ಇಳಿದರೆ ಅಮ್ಮ ಕೊಡೆ ಹಿಡಿದು ಅಲ್ಲೇ ನಿಂತಿದ್ದಾರೆ. ಹಿಂದಿನ ಸಂಜೆಯೂ ಕತ್ತಲಾಗುವವರೆಗೆ ನಿಂತಿದ್ದರಂತೆ. ಬೈಯಲಿಲ್ಲ. "ರಾತ್ರಿ ಬಿಕ್ಕಳಿಕೆ ಬಂತಾ ಮಗಾ? ಎಷ್ಟು ನೆನೆಸ್ಕಂಡೆ ಗೊತ್ತುಂಟಾ" ಅಂದರು. ಸ್ವಲ್ಪ ದೂರ ನಡೆದ ಮೇಲೆ, "ನೀರುದೋಸೆಗೆ ನೆನೆಸಿಟ್ಟಿದೀನಿ. ಅಕ್ಕಿ ನೆನೆದು ಮೆತ್ತಗಾಗಿದೆ, ರುಬ್ಬೋದೊಂದೇ ಬಾಕಿ." ಅವತ್ತು ಜೋನಿಬೆಲ್ಲ ಹಾಕಿಕೊಂಡು ಎಷ್ಟು ದೋಸೆ ತಿಂದೆನೋ ಲೆಕ್ಕವಿಲ್ಲ. ಅಮ್ಮ ಕಾವಲಿ ಮುಂದೆ ಕೂತು ಒಂದೊಂದೇ ಹೊಯ್ದು ಹಾಕುತ್ತಿದ್ದರು.

ಮೊನ್ನೆ ಇದನ್ನೆಲ್ಲ ಮಗನಿಗೆ ಹೇಳುವಾಗ ಅವನೇ ಕೇಳಿದ: "ಅಕ್ಕಿ ಯಾರನ್ನ ನೆನೆಯುತ್ತೆ?" ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ನಮ್ಮ 'ನೆನೆ'ಗೂ ಎರಡು ಅರ್ಥ. ಮಳೆಯಲ್ಲಿ ನೆನೆಯುತ್ತೇವೆ, ಊರನ್ನು ನೆನೆಯುತ್ತೇವೆ. ತಮಿಳಿನಲ್ಲಿ ಇವತ್ತಿಗೂ ಇವು ಬೇರೆ ಬೇರೆ: ನನೈ ಅಂದರೆ ಒದ್ದೆಯಾಗು, ನಿನೈ ಅಂದರೆ ಮನಸ್ಸಿಗೆ ತಂದುಕೋ. ಕನ್ನಡದಲ್ಲಿ ಎರಡೂ ಒಂದೇ ರೂಪಕ್ಕೆ ಬಂದು ನಿಂತಿವೆ, ಇಂಗ್ಲಿಷಿನ ಎರಡು ಮಿಸ್‌ಗಳ ಹಾಗೆ. 'ಅಜ್ಜಿ, ನೀವು ನೆನಪಾಗ್ತೀರಿ' ಅನ್ನು ಅಂತ ಹೇಳಿಕೊಟ್ಟೆ. ಇಂಗ್ಲಿಷಿನಲ್ಲಿ ಮಿಸ್ ಮಾಡುವವರು ನಾವು. ಕನ್ನಡದಲ್ಲಿ ಅಜ್ಜಿಯೇ ನೆನಪಾಗಿ ಬರುತ್ತಾರೆ, ಕರೆಯದಿದ್ದರೂ. ನನಗೆ ಇದೇ ಹೆಚ್ಚು ನಿಜ ಅನಿಸುತ್ತದೆ.

ಇನ್ನು ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ 3ಕ್ಕೆ, ಎಂದಿನ ಹಾಲ್. ಮಕ್ಕಳ ಹಾಡು, ನೃತ್ಯಕ್ಕೆ ಹೆಸರು ಅಕ್ಟೋಬರ್ 31ರೊಳಗೆ ಕೊಡಿ. ಊಟ ಎಲ್ಲರೂ ಒಂದೊಂದು ತರುವುದು. ಕಳೆದ ಸಲ ಆರು ಮನೆಯಿಂದ ಪುಳಿಯೋಗರೆ ಬಂದಿತ್ತು, ದಯವಿಟ್ಟು ಮೊದಲೇ ಗ್ರೂಪಿನಲ್ಲಿ ಹೇಳಿ. ಸದಸ್ಯತ್ವದ ಹಣ ಬಾಕಿ ಇರುವವರು ಅವತ್ತೇ ಕೊಡಬಹುದು. ಅಕ್ಟೋಬರ್ ಕೊನೆಯ ಭಾನುವಾರ ಚಳಿಗಾಲಕ್ಕಾಗಿ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಕನ್ನಡ ಕ್ಲಾಸು ಹೊಸ ಸಮಯದ ಪ್ರಕಾರ 10ಕ್ಕೆ. ಮರೆತರೆ ಒಂದು ಗಂಟೆ ಮುಂಚೆ ಬಂದು ಚಳಿಯಲ್ಲಿ ನಿಲ್ಲಬೇಕಾಗುತ್ತದೆ.

ಕ್ಲಾಸಿನದೇ ಇನ್ನೊಂದು ಮಾತು. ಸಣ್ಣ ಮಕ್ಕಳ ಮಿಸ್ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದಾರೆ. ಅವರ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ವಾರಕ್ಕೆ ಎರಡು ಗಂಟೆ ಸಾಕು, ವ್ಯಾಕರಣ ಗೊತ್ತಿರಬೇಕಿಲ್ಲ, ಮಕ್ಕಳ ಜೊತೆ ಕನ್ನಡ ಮಾತಾಡಿದರೆ ಆಯಿತು. ಈ ಪತ್ರಿಕೆಯ ಕರಡು ನೋಡಲೂ ಒಬ್ಬರು ಬೇಕು. ಎರಡು ವರ್ಷದಿಂದ ಒಬ್ಬರೇ ಮಾಡುತ್ತಿರುವ ಕೆಲಸ, ಈಗ ನಿಜವಾಗಿಯೂ ಆಗುತ್ತಿಲ್ಲ. ಯಾರಾದರೂ ಬನ್ನಿ.

ಗಡಿಯಾರದ ವಿಷಯ ಬರೆಯುವಾಗಲೇ ಹೊಳೆಯಿತು. ಮಗ ಸ್ಕೂಲಿಂದ ಬಂದು ಫೋನ್ ಮಾಡುವಾಗ ಈಗ ಊರಿನಲ್ಲಿ ರಾತ್ರಿ ಎಂಟೂಕಾಲು. ಇನ್ನು ಮೇಲೆ ಒಂಬತ್ತೂಕಾಲು ಆಗುತ್ತದೆ. ಅಮ್ಮ ಒಂಬತ್ತಕ್ಕೆ ಮಲಗುತ್ತಾರೆ. ಇವತ್ತು ಹೇಳಿದ್ದಕ್ಕೆ, "ಪರವಾಗಿಲ್ಲ, ಎದ್ದೇ ಇರ್ತೀನಿ ಅಂತ ಹೇಳು ಅವ್ನಿಗೆ" ಅಂದರು.

ನಿಮ್ಮ,
ಸಂಪಾದಕರು