ಹದಿನಾರು ಗಂಟೆಯ ಬಾಕಿ

ಕೋಲಾರ
ಭಾನುವಾರ ರಾತ್ರಿ

ಪುಟ್ಟೀ,

ನೀನು ಮೂಡುಬಿದಿರೆ ತಲುಪಿದ್ದು, ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿದ್ದು, ಅಲ್ಲಿ ಬಿಡದೆ ಮಳೆ ಹೊಯ್ಯುತ್ತಿರುವುದು ಎಲ್ಲ ನಿನ್ನ ಅಮ್ಮನಿಂದ ತಿಳಿಯಿತು. ಸೈನ್ಸೋ ಕಾಮರ್ಸೋ ಎಂದು ನಾವಿಬ್ಬರೂ ಹನ್ನೊಂದು ದಿನ ಮಾತು ಬಿಟ್ಟ ಕಥೆಯನ್ನು ಮತ್ತೆ ಎತ್ತುವುದಿಲ್ಲ. ನೀನು ಗೆದ್ದೆ, ಮುಗಿಯಿತು.

ಬರೆಯಬೇಕಾಗಿರುವುದು ಬೇರೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಗೆಳತಿಯ ಜೊತೆ ನಗುತ್ತಾ ಹೇಳಿದೆಯಲ್ಲ, "ಅಲ್ಲಿ ಪಿ.ಟಿ. ಪೀರಿಯಡ್ ಕದಿಯುವ ಗಣಿತದ ಮೇಡಂ ಇರುವುದಿಲ್ಲ" ಎಂದು. ಆಗ ನಾನು ಚೀಲವನ್ನು ಸೀಟಿನ ಕೆಳಗೆ ತುರುಕುವ ನೆಪದಲ್ಲಿ ಬಗ್ಗಿಬಿಟ್ಟೆ. ಆ ಮೇಡಂ ಏನನ್ನೂ ಕದಿಯಲಿಲ್ಲ. ಕೇಳಿ ಕೊಡಿಸಿದವನು ನಾನು.

ನೀನು ಹತ್ತನೆಯ ತರಗತಿಗೆ ಬಂದ ಜೂನ್‌ನಲ್ಲಿ ಪೋಷಕರ ಸಭೆ ಕರೆದಿದ್ದರು. ಟೊಮೆಟೊ ಮಂಡಿಯಿಂದ ಹಾಗೆಯೇ ಹೋಗಿದ್ದೆ, ಕಿವಿಯ ಮೇಲೆ ಪೆನ್ನು ಇನ್ನೂ ಇತ್ತು. ಏನಾದರೂ ಸಲಹೆ ಇದ್ದರೆ ಹೇಳಿ ಎಂದರು. ಯಾರೂ ಏಳಲಿಲ್ಲ. ನಾನು ಎದ್ದೆ. "ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪಿ.ಟಿ.ಗೆ ಎಷ್ಟು ಅಂಕ ಸಾರ್?" ಎಂದು ಕೇಳಿದೆ. ಎಲ್ಲರೂ ನಕ್ಕರು. ನಕ್ಕಿದ್ದು ನನಗೆ ಹಿತವಾಯಿತು, ಅದನ್ನೂ ಬರೆದುಬಿಡುತ್ತೇನೆ. "ವಾರಕ್ಕೆ ಎರಡು ಪೀರಿಯಡ್ ಮಕ್ಕಳು ಮಣ್ಣಿನಲ್ಲಿ ಹೊರಳುವ ಬದಲು ಗಣಿತಕ್ಕೆ ಕೊಡಿ" ಎಂದೆ. ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಪಿ.ಟಿ. ಮೇಷ್ಟ್ರು ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದರು. ಕೊರಳಿನ ವಿಷಲ್ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಒಂದು ಮಾತೂ ಆಡಲಿಲ್ಲ. ಮರುವಾರದಿಂದಲೇ ವೇಳಾಪಟ್ಟಿ ಬದಲಾಯಿತು.

ಸೆಪ್ಟೆಂಬರಿನ ಜಿಲ್ಲಾ ಕ್ರೀಡಾಕೂಟದಲ್ಲಿ ನೀನು 800 ಮೀಟರ್ ಓಡಿದೆ. ಒಂದೂವರೆ ಸುತ್ತಿನವರೆಗೆ ನೀನೇ ಮುಂದೆ. ನಾನು ಬೇಲಿಯ ಕಂಬಿ ಹಿಡಿದು ನಿಂತಿದ್ದೆ. ಕೊನೆಯ ತಿರುವಿನಲ್ಲಿ ನಿನ್ನ ಭುಜಗಳು ಕಿವಿಯತ್ತ ಏರಿದವು, ತಲೆ ಹಿಂದಕ್ಕೆ ವಾಲಿತು. ಮೊದಲು ಒಬ್ಬಳು, ಆಮೇಲೆ ಇನ್ನೊಬ್ಬಳು ನಿನ್ನನ್ನು ದಾಟಿದರು. ಹುಲ್ಲಿನ ಮೇಲೆ ಕುಳಿತು, "ಉಸಿರು ಸಾಲಲಿಲ್ಲ ಅಪ್ಪ" ಎಂದೆ. ನಾನು ನೀರಿನ ಬಾಟಲಿ ಕೊಟ್ಟು, "ಹೋಗಲಿ ಬಿಡು, ಪಬ್ಲಿಕ್ ಪರೀಕ್ಷೆ ಇದೆಯಲ್ಲ" ಎಂದೆ. ಥೂ.

ನನಗೆ ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ, ನಿನಗೇ ಗೊತ್ತು. ಜೂನ್‌ನ ಆ ಸಭೆಯಿಂದ ಕ್ರೀಡಾಕೂಟದವರೆಗೆ ಹನ್ನೆರಡು ವಾರ. ವಾರಕ್ಕೆ ಎರಡರಂತೆ ಇಪ್ಪತ್ತನಾಲ್ಕು ಪೀರಿಯಡ್, ಒಂದೊಂದು ನಲವತ್ತು ನಿಮಿಷ. 960 ನಿಮಿಷ, ಎಂದರೆ ಹದಿನಾರು ಗಂಟೆ. ಅಷ್ಟು ಓಡಿದ್ದರೆ ಉಸಿರು ಸಾಲುತ್ತಿತ್ತೋ ಇಲ್ಲವೋ ಯಾರು ಹೇಳಬೇಕು? ಗಣಿತದಲ್ಲಿ ನಿನಗೆ 88 ಬಂದಿದ್ದು ಆ ಹದಿನಾರು ಗಂಟೆಯಿಂದಲೋ ಅಲ್ಲವೋ, ಅದನ್ನೂ ಹೇಳಲಾರೆ. ಅಂತರಗಂಗೆ ಬೆಟ್ಟದ ಮೆಟ್ಟಿಲುಗಳನ್ನು ನಸುಕಿನಲ್ಲಿ ಹತ್ತಿ ಇಳಿದು ನೀನು ಕೂಡಿಸಿಕೊಂಡಿದ್ದಷ್ಟೇ ನಿನ್ನ ಉಸಿರು. ಅದಕ್ಕಿಂತ ಮುಂಚಿನ ಏಪ್ರಿಲ್‌ನಲ್ಲಿ ಬೇಸಿಗೆ ತರಗತಿ ಎಂದು ಎಂಟರಿಂದ ಹನ್ನೆರಡರವರೆಗೆ ಕೂರಿಸಿದ್ದೂ ನಾನೇ. ಆದರೆ ಅದು ನಿನಗೆ ಗೊತ್ತಿತ್ತು, ಎದುರಿಗೇ ಜಗಳವಾಡಿದ್ದೆ. ಇದು ನಿನಗೆ ಗೊತ್ತಿಲ್ಲದೆ ನಡೆದದ್ದು. ಅದಕ್ಕೇ ಇದೊಂದು ಬೇರೆ ಖಾತೆ.

ಮೊನ್ನೆ ಕ್ರೀಡಾ ಕೋಟಾದ ಅರ್ಜಿಗೆ ಸಹಿ ಹಾಕಿಸಲು ಅದೇ ಮೇಷ್ಟ್ರ ಬಳಿ ಹೋದೆ. ಪ್ರಮಾಣಪತ್ರಗಳನ್ನು ಒಂದೊಂದಾಗಿ ನೋಡಿ ಸಹಿ ಹಾಕಿದರು. ಆ ದಿನದ ಮಾತು ಎತ್ತಬಹುದೆಂದು ಕಾದೆ. ಎತ್ತಲಿಲ್ಲ. "ಹಳೆಯ ಸ್ಪೈಕ್ಸ್ ಶೂ ಬಿಗಿಯಾಗುತ್ತಿದೆ ಎನ್ನುತ್ತಿದ್ದಳು, ಒಂದು ಸೈಜ್ ದೊಡ್ಡದು ಕೊಡಿಸಿ" ಎಂದರು, ಅಷ್ಟೇ. ನಿನ್ನ ಕಾಲಿನ ಅಳತೆ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೊಸ ಸ್ಪೈಕ್ಸ್ ಮಳೆಯಲ್ಲಿ ನೆನೆದರೆ ಬಿಸಿಗೆ ಹಿಡಿಯಬೇಡ. ಒಳಗೆ ಹಳೆಯ ಪೇಪರ್ ತುರುಕಿ ನೆರಳಿನಲ್ಲಿಡು. ಮೊಣಕಾಲಿನ ಕೆಳಗೆ ಮೂಳೆ ನೋಯಲು ಶುರುವಾದರೆ ಮುಚ್ಚಿಟ್ಟುಕೊಂಡು ಓಡಬೇಡ, ತರಬೇತುದಾರರಿಗೆ ಹೇಳು. ಓಟ ಎಂದು ಪಾಠ ಬಿಡಬೇಡ. ಲೆಕ್ಕಶಾಸ್ತ್ರದಲ್ಲಿ 80 ಅಂಕ ಬರೆದೇ ತೆಗೆಯಬೇಕು, ಉಳಿದ 20ನ್ನು ಕಾಲೇಜಿನವರು ಕೊಡುತ್ತಾರೆ, ಅದನ್ನು ನಂಬಿಕೊಂಡು ಕೂರಬೇಡ. ಸಿ.ಎ. ಓದಿಗೆ ಮೊದಲ ಮೆಟ್ಟಿಲಾದ ಫೌಂಡೇಷನ್ ಪರೀಕ್ಷೆಯ ಬಗ್ಗೆಯೂ ವಿಚಾರಿಸಿದ್ದೇನೆ. ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲೂ ಕನಿಷ್ಠ 40, ಒಟ್ಟಿನಲ್ಲಿ ಶೇ 50 ಬರಲೇಬೇಕು. ಈಗಿನಿಂದಲೇ ದಿನಕ್ಕೆ ಒಂದು ಗಂಟೆ... ನೋಡು, ಮತ್ತೆ ಶುರು ಮಾಡಿದೆ. ಕಾಮರ್ಸ್ ಬೇಡ ಎಂದವನೇ ಈಗ ಸಿ.ಎ. ಎನ್ನುತ್ತಿದ್ದಾನೆ ಎಂದು ನೀನು ನಗುತ್ತೀಯ. ನಗು.

ಆದರೆ ನನ್ನ ಮನಸ್ಸು ತಿರುಗಿದ್ದು ಎಲ್ಲಿ ಎಂದು ಹೇಳಬೇಕು. ಈ ಮೇ ತಿಂಗಳಲ್ಲಿ ಜಗಳದ ನಡುವೆಯೂ ಮಂಡಿಗೆ ಬಂದು ಕೂರುತ್ತಿದ್ದೆಯಲ್ಲ. ಆ ದಿನ ತಾಳೆಪಟ್ಟಿಯ ಎರಡು ಕಡೆ 270 ರೂಪಾಯಿ ವ್ಯತ್ಯಾಸ. ಹಮಾಲಿ, ಕಮಿಷನ್, ಬಾಕ್ಸ್ ಬಾಡಿಗೆ ಎಲ್ಲ ಎರಡೆರಡು ಸಲ ಕೂಡಿದರೂ ಸಿಗಲಿಲ್ಲ. ನೀನು ಶೇಂಗಾ ಬಿಡಿಸುತ್ತಾ, "ಒಂಬತ್ತರಿಂದ ಭಾಗವಾಗುತ್ತದೆ ಅಪ್ಪ, ಎಲ್ಲೋ ಅಂಕಿ ಅದಲುಬದಲಾಗಿದೆ" ಎಂದೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಶ್ರೀನಿವಾಸಪುರದ ಕಡೆಯ ರೈತರೊಬ್ಬರ ಟೊಮೆಟೊ ಪಟ್ಟಿಯಲ್ಲಿ 1,630 ಇದ್ದುದನ್ನು ನಾನು 1,360 ಎಂದು ಖಾತೆಗೆ ಇಳಿಸಿದ್ದೆ. ಆ ಒಂಬತ್ತರ ಗುಟ್ಟನ್ನು ನೀನು ಏಳನೆಯ ತರಗತಿಯಲ್ಲಿದ್ದಾಗ ನಾನೇ ಹೇಳಿಕೊಟ್ಟಿದ್ದೆನಂತೆ. ನನಗೆ ನೆನಪಿಲ್ಲ. ಸಾಹುಕಾರರು ಅಂದಿನಿಂದ ನಿನ್ನನ್ನು "ಆಡಿಟರಮ್ಮ" ಎನ್ನುತ್ತಾರೆ. ಅವರೆದುರು ಸುಮ್ಮನಿದ್ದೆ. ಆದರೆ ಆ ಪಟ್ಟಿಯನ್ನು ಇನ್ನೂ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.

ಈ ಹದಿನಾರು ಗಂಟೆಯನ್ನು ಯಾವ ಕಡೆ ಬರೆದರೂ ತಾಳೆಯಾಗುತ್ತಿಲ್ಲ. ಬಸ್ ನಿಲ್ದಾಣದಲ್ಲೇ ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. ಸಭೆಯಲ್ಲಿ ಅಷ್ಟು ಜೋರಾಗಿ ಎದ್ದಿತ್ತು.

ಅಮ್ಮ ಹುರಿಹಿಟ್ಟು, ಚಿಗಳಿ ಉಂಡೆ ಕಟ್ಟಿಟ್ಟಿದ್ದಾಳೆ, ನಾಳೆ ಪಾರ್ಸೆಲ್ ಹಾಕುತ್ತೇನೆ. ಗಣಿತದ ಮೇಡಂ ಬಗ್ಗೆ ಅಲ್ಲಿಯ ಹುಡುಗಿಯರಿಗೆ ಆಗಲೇ ಕಥೆ ಕಟ್ಟಿದ್ದರೆ ತಿದ್ದಿಬಿಡು. ಮುಂದಿನ ಭಾನುವಾರ ನೀನು ಫೋನ್ ಮಾಡಿದಾಗ ನಾನೇ ಎತ್ತುತ್ತೇನೆ. ಬೈಯುವುದಿದ್ದರೆ ಬೈದು, ಆಮೇಲೆ ಅಮ್ಮನಿಗೆ ಕೊಡು ಎನ್ನು.

ನಿನ್ನ
ಅಪ್ಪ