ತೀರದ ಮುಯ್ಯಿಯ ಬಗ್ಗೆ

ಪ್ರೀತಿಯ ಮಗಳೇ,

ಆಶೀರ್ವಾದಗಳು. ನೀವಿಬ್ಬರೂ ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿ ಕಡೆ ಗದ್ದೆ ಹಿಡಿದು, ದುಡ್ಡಿನ ವ್ಯವಹಾರ ಬಿಟ್ಟು ಐದಾರು ಮನೆಯವರೊಡನೆ ಹಂಚಿಕೊಂಡು ಬದುಕಲು ಹೊರಟದ್ದರ ಕುರಿತು ಮನೆಯಲ್ಲಿ ಆಗಬೇಕಾದ ಮಾತೆಲ್ಲ ಆಗಿಹೋಗಿದೆ. ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಬೀಜದ ಭತ್ತ ಮತ್ತು ಸೋಲಾರ್ ದೀಪದ ಸುದ್ದಿಗಳ ನಡುವೆ ನೀನು ಒಂದೇ ಸಾಲಿನಲ್ಲಿ ಬರೆದು ದಾಟಿಕೊಂಡ ಮಾತು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಸೊಂಟ ಹಿಡಿದುಕೊಂಡದ್ದರಿಂದ ನೆರೆಯವರ ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಗೆ ಹೋಗಲಾಗಲಿಲ್ಲ, ಅವರು ನಿಮ್ಮ ಗದ್ದೆಗೆ ಬಂದು ದುಡಿದ ಮುಯ್ಯಿ ಹಾಗೆಯೇ ಉಳಿದಿದೆ, ಮುಂದೆಯೂ ಅದನ್ನು ತೀರಿಸಲಾಗದಿದ್ದರೆ ನಾನು ಊರಿಗೆ ಹೊರೆಯಾಗುವುದಿಲ್ಲವೇ ಎಂದು ಕೇಳಿದ್ದೀಯೆ.

ನಿನ್ನ ಅಂಜಿಕೆಗೆ ಆಧಾರವಿಲ್ಲವೆಂದು ಹೇಳಲಾರೆ. ದುಡ್ಡಿನ ವ್ಯವಹಾರಕ್ಕೆ ಒಂದು ಅನುಕೂಲವಿದೆ: ಕೊಟ್ಟು ಮುಗಿಸಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಅದನ್ನು ಬಿಟ್ಟು ಹೋದವರಿಗೆ ಹಂಗು ಎಂಬುದು ಮೊದಲ ಸಲ ಮೈಗೆ ತಾಗುತ್ತದೆ. ಯಾರ ಹಂಗೂ ಇಲ್ಲದೆ ಬದುಕುವುದೇ ಸ್ವಾವಲಂಬನೆಯೆಂದು ನಂಬಿ ನೀನು ಅಲ್ಲಿಗೆ ಹೋದಂತೆ ನನಗೆ ತೋರುತ್ತದೆ. ಸ್ವಾವಲಂಬನೆಯಷ್ಟೇ ಪರಸ್ಪರಾವಲಂಬನೆಯೂ ಮನುಷ್ಯನ ಆದರ್ಶವಾಗಬೇಕೆಂದು ಗಾಂಧೀಜಿಯವರು 1929ರಲ್ಲಿಯೇ ‘ಯಂಗ್ ಇಂಡಿಯಾ’ದಲ್ಲಿ ಬರೆದಿದ್ದರು, ಆದರೆ ನೋವಿನಲ್ಲಿ ಮಲಗಿದವಳಿಗೆ ಗಾಂಧೀಜಿಯನ್ನು ಓದಿ ಹೇಳುವುದು ಅಷ್ಟೇನೂ ಉಪಕಾರವಲ್ಲ, ಬಿಡು.

ಆಳಿಗೆ ಬದಲು ಆಳಾಗಿ ದುಡಿದು ತೀರಿಸುವ, ನಾನು ಕಂಡ ಮುಯ್ಯಾಳಿನ ಪದ್ಧತಿಯಲ್ಲಿ ಲೆಕ್ಕವೇ ಇರಲಿಲ್ಲವೆಂದು ತಿಳಿಯಬೇಡ. ಯಾರ ಮನೆಯಿಂದ ಎಷ್ಟು ಆಳು ಬಂದಿತ್ತೆಂಬುದು ಹೆಂಗಸರಿಗೆ ಬಾಯಿಪಾಠವಾಗಿರುತ್ತಿತ್ತು, ಮರೆತಂತೆ ನಟಿಸುವವರಿಗೆ ಮಳೆಗೆ ಗೊರಬು ಹೊದ್ದು ಬಗ್ಗಿ ನೆಡುತ್ತಿರುವಾಗಲೇ ತಮಾಷೆಯ ನೆಪದಲ್ಲಿ ನೆನಪಿಸುತ್ತಿದ್ದರು. ಆದರೆ ನೆಟ್ಟಿಗೆ ನೆಟ್ಟಿಯೇ ಬರಬೇಕೆಂಬ ಹಟ ಇರಲಿಲ್ಲ. ನಮ್ಮ ಕೇರಿಯಲ್ಲಿ ಬೆನ್ನು ಬಾಗಿದ ಮುದುಕಿಯೊಬ್ಬಳಿದ್ದಳು. ಗದ್ದೆಗೆ ಇಳಿಯಲಾರದ ಆಕೆ ನೆಟ್ಟಿಯ ದಿನಗಳಲ್ಲಿ ಎಲ್ಲರ ಕೂಸುಗಳನ್ನೂ ತನ್ನ ಜಗಲಿಯಲ್ಲಿ ಇಟ್ಟುಕೊಂಡು, ತೊಟ್ಟಿಲು ತೂಗಿ, ಗಂಜಿ ಕುಡಿಸಿ, ಸಂಜೆ ಕೆಸರುಗಾಲಿನಲ್ಲಿ ಬಂದ ತಾಯಂದಿರಿಗೆ ಒಪ್ಪಿಸುತ್ತಿದ್ದಳು. ಅವಳ ತುಂಡು ಗದ್ದೆಗೆ ಉಳಿದವರಿಗೆ ಹೋಗುವಷ್ಟೇ ಆಳು ಹೋಗುತ್ತಿತ್ತು. ಅದನ್ನು ಯಾರಾದರೂ ದಾನವೆಂದದ್ದನ್ನು ನಾನು ಕೇಳಿಲ್ಲ.

ಹಾಗೆಂದು ಆ ಕಾಲವನ್ನು ಪೂರಾ ಹೊಗಳಲು ನನಗೆ ನಾಲಿಗೆ ಏಳುವುದಿಲ್ಲ. ಮುಯ್ಯಿ ನಡೆಯುತ್ತಿದ್ದದ್ದು ಗದ್ದೆಯಿದ್ದವರ ನಡುವೆ ಮಾತ್ರ. ಗದ್ದೆಯಿಲ್ಲದವರು ದಿನದ ಕೊನೆಗೆ ಪಡಿ ಅಳೆಸಿಕೊಂಡು ಹೋಗುತ್ತಿದ್ದರು, ಅವರ ಸೊಂಟ ಹಿಡಿದರೆ ಅವರ ಮನೆಗೆ ಯಾರು ಹೋಗುತ್ತಿದ್ದರೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಿಮ್ಮ ಹೊಸ ಏರ್ಪಾಡಿನಲ್ಲಿ ಅಂಥವರು ಯಾರಾದರೂ ಹೊರಗೆ ಉಳಿದಿದ್ದಾರೆಯೇ ಎಂಬುದನ್ನು, ನಿನ್ನ ಚಿಂತೆ ಸ್ವಲ್ಪ ಇಳಿದ ಮೇಲೆ, ಒಮ್ಮೆ ನೋಡು.

ಮುಯ್ಯಿ ತೀರದಿದ್ದರೆ ಏನಾಗುತ್ತದೆಂದು ನೀನು ಹೆದರುತ್ತೀಯೆ. ನಮ್ಮ ಮನೆಯಲ್ಲಿ ಅದನ್ನು ಅವಸರದಿಂದ ತೀರಿಸಿದಾಗ ಏನಾಯಿತೆಂಬುದು ನಿನ್ನ ತಾಯಿಗೂ ಗೊತ್ತಿರಲಾರದು, ಆಗ ಅವಳಿನ್ನೂ ಚಿಕ್ಕವಳು. ಅಪ್ಪ ಒಂದು ಮಳೆಗಾಲವಿಡೀ ವಿಷಮಶೀತ ಜ್ವರದಿಂದ ಮಲಗಿದ್ದರು. ಕೇರಿಯವರು ಕರೆಯದೆ ಬಂದು ಸಸಿ ಕಿತ್ತು, ಕಟ್ಟು ಹೊತ್ತು, ನಮ್ಮ ಗದ್ದೆಯನ್ನೆಲ್ಲ ನೆಟ್ಟುಕೊಟ್ಟರು. ಮರುವರ್ಷ ಅಪ್ಪನಿಗೆ ಬಗ್ಗುವ ಶಕ್ತಿ ಇನ್ನೂ ಬಂದಿರಲಿಲ್ಲ; ಋಣ ಇಟ್ಟುಕೊಳ್ಳಬಾರದೆಂದು ಅವರು ಮನೆಮನೆಗೆ ಆಳಿನ ಲೆಕ್ಕದಲ್ಲಿ ಕೂಲಿಯ ಹಣ ಕೊಟ್ಟು ಬಂದರು. ಪಕ್ಕದ ಮನೆಯ ಯಜಮಾನರನ್ನು ಮಾತ್ರ ನಮ್ಮಲ್ಲಿಗೇ ಕರೆಸಿ ಕೊಟ್ಟರು. ಅವರು ನೋಟುಗಳನ್ನು ಎಣಿಸದೆ ಸಂಚಿಯೊಳಗೆ ತುರುಕಿ, ಅಮ್ಮ ಮುಂದಿಟ್ಟ ಎಲೆಯಡಿಕೆಯ ತಟ್ಟೆಯನ್ನು ಮುಟ್ಟದೆ ಎದ್ದು ಹೋದರು. ಜಗಳವೇನೂ ಆಗಲಿಲ್ಲ, ಮಾತುಕತೆ ಮೊದಲಿನಂತೆಯೇ ನಡೆಯಿತು. ಆದರೆ ಅಲ್ಲಿಂದಾಚೆಗೆ ನಮ್ಮ ಗದ್ದೆಗೆ ಕೂಲಿಯವರೇ ಬರತೊಡಗಿದರು. ಅಪ್ಪ ಕೊಟ್ಟ ಆ ಹಣ ನನ್ನ ಮೇಷ್ಟರಿಕೆಯ ಮೊದಲ ಸಂಬಳದ್ದು. ಅಪ್ಪನಿಗೆ ನೆರವಾದೆನೆಂದು ಅಂದು ಹಿಗ್ಗಿದ್ದೆ. ಇಂದಿಗೂ ಆ ತಟ್ಟೆ ನೆನಪಾದರೆ ಮನಸ್ಸು ಮುದುಡುತ್ತದೆ.

ಇನ್ನೊಂದನ್ನು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ಮಕ್ಕಳಿಗೆ ಪಾಠವಾಗಿ ಹೇಳುತ್ತಿದ್ದೆ, ಆದರೆ ಅದರ ಒಳಗಿನ ಏರ್ಪಾಡನ್ನು ವಿವರಿಸುತ್ತಿರಲಿಲ್ಲ. 1904ರ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನಿಂದ ತೀರಿಸಲಾಗದೆ ಉಳಿದ ಸಾಲಕ್ಕೆ ಮಿಕ್ಕವರೆಲ್ಲ ತಲೆಗೊಡಬೇಕಿತ್ತು. ಅಂದರೆ ಯಾವನೋ ಒಬ್ಬನ ಎತ್ತು ಸಾಯುತ್ತದೆ, ಯಾರದೋ ಬೆಳೆ ಕೈಕೊಡುತ್ತದೆ ಎಂಬುದನ್ನು ಅವರು ಮೊದಲ ದಿನವೇ ಒಪ್ಪಿಕೊಂಡು, ಅದನ್ನು ಹೊರುವುದಕ್ಕೆಂದೇ ಒಟ್ಟಾಗಿದ್ದರು. ನೀನು ಹೆದರುತ್ತಿರುವ ಸ್ಥಿತಿ ಅವರ ದೃಷ್ಟಿಯಲ್ಲಿ ಸಂಘಕ್ಕೆ ಬಂದ ಕೇಡಾಗಿರಲಿಲ್ಲ. ನಿಮ್ಮ ಊರಿನ ಐದಾರು ಮನೆಗಳು ಬೀಜವನ್ನೂ ಪಂಪ್‌ಸೆಟ್ಟನ್ನೂ ಹಂಚಿಕೊಳ್ಳುವಾಗ ಇದನ್ನು ಬಾಯಿಬಿಟ್ಟು ಮಾತಾಡಿಕೊಂಡಿದ್ದೀರೋ ಇಲ್ಲವೋ ನನಗೆ ತಿಳಿಯದು. ಮಾತಾಡಿರದಿದ್ದರೆ ಈಗಲಾದರೂ ಆಡಿ. ಒಬ್ಬರು ವರ್ಷಗಟ್ಟಲೆ ದುಡಿಯಲಾರದೆ ಹೋದರೆ ಏನು ಮಾಡುವುದೆಂಬುದು ಆರೋಗ್ಯವಾಗಿರುವಾಗ ಆಡಬೇಕಾದ ಮಾತು.

ಉಪದೇಶ ಮಾಡಲು ನನಗೆ ಯೋಗ್ಯತೆ ಕಡಿಮೆ, ಗದ್ದೆ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಹೇಳುತ್ತೇನೆ, ಕೋಪಿಸಿಕೊಳ್ಳಬೇಡ. ನಿಮ್ಮೂರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ಸದಸ್ಯತ್ವ ತೆಗೆದುಕೊಳ್ಳಿ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಆರೋಗ್ಯ ಯೋಜನೆ ನಡುವೆ ನಿಂತಿದ್ದು ಮತ್ತೆ ಚಾಲ್ತಿಗೆ ಬಂದಿದೆ. ಅದರ ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲವಾದ್ದರಿಂದ ಸಂಘದ ಕಾರ್ಯದರ್ಶಿಯನ್ನು ಮೊದಲೇ ವಿಚಾರಿಸಿ. ಮಾರುಕಟ್ಟೆಯನ್ನು ಬಿಟ್ಟವರು ಆಸ್ಪತ್ರೆಯನ್ನೂ ಬಿಡಬೇಕೆಂದು ಯಾರೂ ಹೇಳಿಲ್ಲ. ಸೊಂಟವನ್ನು ಎಲುಬಿನ ವೈದ್ಯರಿಗೆ ತೋರಿಸು, ಎಣ್ಣೆ ತಿಕ್ಕಿಸಿಕೊಂಡು ದಿನ ದೂಡಬೇಡ. ಕೂತು ಮಾಡುವ ಕೆಲಸ ಊರಿನಲ್ಲಿ ಇದ್ದೇ ಇರುತ್ತದೆ: ಬೀಜ ಆರಿಸುವುದು, ನೆಟ್ಟಿಯವರ ಮಕ್ಕಳನ್ನು ನೋಡಿಕೊಳ್ಳುವುದು, ಯಾರದೋ ಪಹಣಿಯ ಅರ್ಜಿ ಬರೆದುಕೊಡುವುದು. ಆದರೆ ಇವನ್ನೆಲ್ಲ ಇಂದೇ ಮಾಡಿ ಲೆಕ್ಕ ಸರಿಮಾಡಿಬಿಡುತ್ತೇನೆಂದು ಹೊರಡಬೇಡ.

ನಿನ್ನ ಕೂಲಿಯ ಬಾಬ್ತಿಗೆಂದು ಹಣ ಕಳಿಸುವ ಯೋಚನೆ ನನಗೂ ಬಂದಿತ್ತು, ಕಳಿಸುತ್ತಿಲ್ಲ. ವೈದ್ಯರ ಖರ್ಚಿಗೆ ಬೇಕಿದ್ದರೆ ಸಂಕೋಚವಿಲ್ಲದೆ ಬರೆ, ಅದು ಬೇರೆ ಮಾತು. ನಿನ್ನ ಪತ್ರದಲ್ಲಿ ನನಗೆ ಸಿಗದೆ ಹೋದ ಸಂಗತಿ ಇನ್ನೊಂದಿದೆ: ಸೊಂಟದ ನೋವಿನ ವಿಷಯವನ್ನು ಆ ನೆರೆಯವರಿಗೆ ನೀನು ಹೇಳಿದ್ದೀಯೋ, ಅಥವಾ ಅವರು ಏನೆಂದುಕೊಂಡಿರಬಹುದೆಂದು ನೀನೇ ಊಹಿಸಿಕೊಂಡು ಕೂತಿದ್ದೀಯೋ? ಹೇಳಿದ್ದರೆ, ಅವರು ಏನೆಂದರು ಎಂಬುದನ್ನು ಮುಂದಿನ ಪತ್ರದಲ್ಲಿ ತಪ್ಪದೆ ಬರೆ.

ಇಂತು,
ನಿನ್ನ ದೊಡ್ಡಮ್ಮ